ಮಾಂತ್ರಿಕ ಕೋನದಿಂದ ಪ್ರೋಟೀನಿನ ರಚನೆಗೆ

ಬಲವಾದ ಕಾಂತಕ್ಷೇತ್ರದಲ್ಲಿರುವ ಪರಮಾಣು ಬೀಜಗಳು ನಿರ್ದಿಷ್ಟ ಆವರ್ತನದ ರೇಡಿಯೋ ಅಲೆಗಳಿಗೆ ಸ್ಪಂದಿಸುವ ಎನ್‌ಎಂಆರ್ ಕ್ರಿಯೆ 1946ರಲ್ಲಿಯೇ ದ್ರವ ಮತ್ತು ಘನವಸ್ತುಗಳಲ್ಲಿ ಪತ್ತೆಯಾಗಿದ್ದರೂ, ಅಣುಗಳು ಸ್ವಚ್ಛಂದವಾಗಿ ಹೊರಳಲಾರದ ಘನವಸ್ತುಗಳಲ್ಲಿ ಸಂಕೇತಗಳು ಅಗಲವಾಗಿ ಹರಡಿ ಒಂದರೊಳಗೊಂದು ಬೆರೆತುಹೋಗುತ್ತಿದ್ದವು. ಮಾದರಿಯನ್ನು ಕಾಂತಕ್ಷೇತ್ರಕ್ಕೆ ಸುಮಾರು 54.7 ಡಿಗ್ರಿ ಓರೆಯಾದ ಅಕ್ಷದ ಮೇಲೆ ವೇಗವಾಗಿ ತಿರುಗಿಸಿದರೆ ಈ ಹರಡುವಿಕೆ ತಗ್ಗುತ್ತದೆಂದು 1950ರ ದಶಕದ ಕೊನೆಯಲ್ಲಿ ರೇಮಂಡ್ ಆಂಡ್ರ್ಯೂ ಅವರ ತಂಡ ಮತ್ತು ಇರ್ವಿಂಗ್ ಲೋ ಬೇರೆಬೇರೆಯಾಗಿ ತೋರಿಸಿದರು. ಆ ಓರೆಗೆ ‘ಮಾಂತ್ರಿಕ ಕೋನ’ವೆಂಬ ಹೆಸರು ನಿಂತಿತು. ಹೈಡ್ರೋಜನ್ ಬೀಜಗಳ ಧ್ರುವೀಕರಣವನ್ನು ಕ್ಷೀಣ ಸಂಕೇತದ ಕಾರ್ಬನ್-13 ಬೀಜಗಳಿಗೆ ವರ್ಗಾಯಿಸುವ ವಿಧಾನವು 1970ರ ದಶಕದಲ್ಲಿ ಈ ತಿರುಗಿಸುವ ವಿಧಾನದೊಡನೆ ಕೂಡಿತು. 2002ರಲ್ಲಿ ಬರ್ಲಿನ್ನಿನ ಹಾರ್ಟ್‌ಮುಟ್ ಓಶ್ಕಿನಾಟ್ ಅವರ ತಂಡವು ಸ್ಪೆಕ್ಟ್ರಿನ್ ಪ್ರೋಟೀನಿನ ಎಸ್‌ಎಚ್3 ಭಾಗದ ರಚನೆಯನ್ನು ಈ ಮಾರ್ಗದಿಂದ ನಿರ್ಧರಿಸಿದ ಮೇಲೆ, ಕರಗದೆಯೂ ಹರಳುಗಟ್ಟದೆಯೂ ಉಳಿಯುವ ಅಮಿಲಾಯ್ಡ್ ಪ್ರೋಟೀನ್ ಎಳೆಗಳ ರಚನೆಯನ್ನು ನಿರ್ಧರಿಸುವುದಕ್ಕೂ ಅದು ವಿಸ್ತರಿಸಿತು.