ವಯನಾಡಿನ ಚಿನ್ನ, ಮೊಬೈಲಿನ ನಾಣ್ಯ

ಕಳೆದ ಸಲ ಮಕ್ಕಳನ್ನು ಕರೆದುಕೊಂಡು ವಯನಾಡಿಗೆ ಪ್ರವಾಸ ಹೋಗಿದ್ದೆವು. ಕಾಸರಗೋಡಿನಿಂದ ಬೆಳಗ್ಗೆ ನಾಲ್ಕಕ್ಕೇ ಹೊರಟರೂ ಚುರ ಹತ್ತಿ ಮಾನಂದವಾಡಿ ತಲಪುವಾಗ ಬಿಸಿಲೇರಿತ್ತು. ಸಹಾಯಕ್ಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೊತೆಗೆ ಬಂದಿದ್ದ. ಪ್ಲಸ್ ಟು ಮುಗಿಸಿ ಈಗ ಮಂಗಳೂರಿನಲ್ಲಿ ಕೆಲಸ. ದಾರಿಯುದ್ದಕ್ಕೂ ಮೊಬೈಲಿನಿಂದ ಕಣ್ಣು ತೆಗೆದವನಲ್ಲ. ಏನದು ಅಂತ ಕೇಳಿದೆ.

"ಕ್ರಿಪ್ಟೋ ಮಾಷ್ಟ್ರೇ. ನಾಲ್ಕು ತಿಂಗಳಲ್ಲಿ ಇಪ್ಪತ್ತು ಸಾವಿರ ನಲುವತ್ತಾಯಿತು."

ಸ್ವಲ್ಪ ಹೊತ್ತು ಕಳೆದು ಮೆಲ್ಲಗೆ ಇನ್ನೊಂದು ಮಾತು ಹೊರಬಿತ್ತು. "ಅಮ್ಮನ ಸಂಘದಿಂದ ಒಂದು ಲಕ್ಷ ಸಾಲ ಸಿಗುತ್ತದೆ. ಅದನ್ನೂ ಹಾಕುವ ಅಂತಿದ್ದೇನೆ. ನೀವೇನು ಹೇಳುತ್ತೀರಿ?"

ನಾನು ಸಮಾಜ ಪಾಠ ಮಾಡುವವ, ವ್ಯಾಪಾರದ ಮಾತು ನನ್ನಲ್ಲಿ ಕೇಳಿ ಏನು ಫಲ! ಆದರೆ ಅವನು ಕೇಳಿದ್ದು ವಯನಾಡಿನ ನೆಲದಲ್ಲಿ. ಹಾಗಾಗಿ ಆ ನೆಲದ್ದೇ ಒಂದು ಕಥೆ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಕಲ್ಪೆಟ್ಟದಿಂದ ಮೇಪ್ಪಾಡಿ, ವಡುವಂಚಾಲ್ ದಾಟಿ ಗೂಡಲೂರಿನ ಕಡೆ ಹೋದರೆ ಚೇರಂಬಾಡಿ, ಪಂದಲೂರು, ದೇವಾಲ ಎಂಬ ಊರುಗಳು ಸಿಗುತ್ತವೆ. ಈಗ ಅವು ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಸೇರಿವೆ. 1877ರವರೆಗೆ ಅದು ಮಲಬಾರಿನ ವಯನಾಡಿನ ಭಾಗವೇ ಆಗಿತ್ತು. ಆಮೇಲೂ ಆ ಪ್ರದೇಶಕ್ಕೆ ಆಗ್ನೇಯ ವಯನಾಡು ಎಂಬ ಹೆಸರೇ ಉಳಿಯಿತು. (ನಮ್ಮ ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಡಿ ಗೆರೆ ಸರಿದರೂ ಊರು ಸರಿಯುವುದಿಲ್ಲ.)

ಅಲ್ಲಿನ ಹೊಳೆಗಳ ಮರಳಿನಲ್ಲಿ ಚಿನ್ನದ ಹುಡಿ ಇತ್ತು. ಪಣಿಯರೂ ಕುರುಂಬರೂ ಮರಳು ತೊಳೆದು ಅದನ್ನು ತೆಗೆಯುತ್ತಿದ್ದರು. ದುಡಿಮೆ ಅವರದು, ಲಾಭ ಭೂಮಿಯ ಒಡೆಯರದು. ಕಂಪೆನಿ ಸರಕಾರ 1830ರ ದಶಕದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಇದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ ಎಂದು ಕೈಬಿಟ್ಟಿತ್ತು.

ಆಮೇಲೆ ಬಂದದ್ದು ಕಾಫಿ. ಇಂಗ್ಲಿಷರು ಕಾಡು ಕಡಿದು ತೋಟ ಮಾಡಿದರು. ಕಾಂಡ ಕೊರೆಯುವ ಹುಳವೂ ಎಲೆಯ ರೋಗವೂ ಸೇರಿ 1870ರ ದಶಕದಲ್ಲಿ ತೋಟಗಳು ನೆಲಕಚ್ಚಿದವು. ಸಾಲ ಮಾಡಿದ್ದ ತೋಟದ ಯಜಮಾನರಿಗೆ ಆಗ ನೆನಪಾದದ್ದು ತಮ್ಮ ಕಾಲಡಿಯ ಚಿನ್ನ! ಆಸ್ಟ್ರೇಲಿಯಾದ ಗಣಿ ತಜ್ಞ ಬ್ರೌ ಸ್ಮಿತ್ ಎಂಬವರನ್ನು ಸರಕಾರವೇ 1879ರಲ್ಲಿ ಕರೆಸಿತು. ಅವರ ವರದಿ ಬಹಳ ಆಶಾದಾಯಕವಾಗಿತ್ತು. ಸಾಕಲ್ಲ, ಲಂಡನ್ನಿಗೆ ಹುಚ್ಚು ಹಿಡಿಯಿತು.

ಭಾರತದ ಚಿನ್ನದ ಹೆಸರಿನಲ್ಲಿ ಅಲ್ಲಿ 41 ಕಂಪೆನಿಗಳು ಹುಟ್ಟಿಕೊಂಡವು. ಕಾಗದದ ಮೇಲಿನ ಬಂಡವಾಳ ಸುಮಾರು 50 ಲಕ್ಷ ಪೌಂಡು. ಹೆಚ್ಚಿನವು ವಯನಾಡಿನವೇ. ಯಾರಿಗೂ ಬೇಡವಾಗಿದ್ದ ರೋಗದ ಕಾಫಿ ತೋಟ ರಾತ್ರಿ ಬೆಳಗಾಗುವುದರೊಳಗೆ 'ಚಿನ್ನದ ಭೂಮಿ'ಯಾಗಿ ಹತ್ತಾರು ಪಟ್ಟು ಬೆಲೆಗೆ ಮಾರಾಟವಾಯಿತು. ಶೇರು ಕೊಂಡವರಲ್ಲಿ ಹೆಚ್ಚಿನವರು ವಯನಾಡನ್ನು ಭೂಪಟದಲ್ಲೂ ಕಂಡವರಲ್ಲ. ನಿನ್ನೆಗಿಂತ ಇಂದು ಬೆಲೆ ಏರಿದೆ ಎಂಬುದೊಂದೇ ಅವರಿಗೆ ಗೊತ್ತಿದ್ದದ್ದು. ಇತ್ತ ಪಂದಲೂರಿನಲ್ಲಿ ಹೋಟೆಲು, ಅಂಚೆ ಕಚೇರಿ ಎಲ್ಲ ಎದ್ದವು. ದೊಡ್ಡ ದೊಡ್ಡ ಯಂತ್ರಗಳು ಘಾಟಿ ಹತ್ತಿ ಬಂದವು.

ಕೊನೆಗೆ ಕಲ್ಲು ಅರೆದು ನೋಡಿದಾಗ ಸಿಕ್ಕಿದ ಚಿನ್ನ ಖರ್ಚಿಗೂ ಸಾಲಲಿಲ್ಲ. ಮಳೆ ಗಾಳಿಗೆ ಸವೆದ ಮೇಲ್ಪದರದ ಕಲ್ಲಿನಲ್ಲಿ ಕಂಡಷ್ಟು ಚಿನ್ನ ಆಳದಲ್ಲಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಕಂಪೆನಿಗಳು ಮುಚ್ಚಿದವು. ಈಗ ಅಲ್ಲೆಲ್ಲ ಚಹಾ ತೋಟ. ನಡುವೆ ಅಲ್ಲಲ್ಲಿ ಹಳೆಯ ಸುರಂಗಗಳು.

"ಹಾಗಾದರೆ ಆಗ ಹಣ ಮಾಡಿದವರು ಯಾರು ಮಾಷ್ಟ್ರೇ?"

ಒಳ್ಳೆಯ ಪ್ರಶ್ನೆ. ತೋಟ ಮಾರಿದವರು, ಕಂಪೆನಿ ಕಟ್ಟಿ ಶೇರು ಮಾರಿ ಬೇಗ ಹೊರಬಿದ್ದವರು. ಅವರ ಕೈಗೆ ಬಂದದ್ದು ಭೂಮಿಯೊಳಗಿನ ಚಿನ್ನವಲ್ಲ, ಕೊನೆಗೆ ಶೇರು ಕೊಂಡವರ ಹಣ.

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ತಮಾಷೆಯೆಂದರೆ ಅದರಲ್ಲೂ 'ಗಣಿಗಾರಿಕೆ' ಎಂಬ ಶಬ್ದವಿದೆ. ಕಂಪ್ಯೂಟರುಗಳು ರಾಶಿ ರಾಶಿ ವಿದ್ಯುತ್ ತಿಂದು ಲೆಕ್ಕ ಬಿಡಿಸುತ್ತವೆ, ಬಿಡಿಸಿದವರಿಗೆ ಹೊಸ ನಾಣ್ಯ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟುವಂತಿಲ್ಲ. ನಮ್ಮ ಹುಡುಗರು ಮಾಡುವುದು ಗಣಿ ಕೆಲಸವಲ್ಲ, ಕೊಂಡು ಮಾರುವ ಕೆಲಸ. ಗದ್ದೆಯಿಂದ ಭತ್ತ ಬರುತ್ತದೆ, ಕಟ್ಟಡದಿಂದ ಬಾಡಿಗೆ ಬರುತ್ತದೆ. ಈ ನಾಣ್ಯವನ್ನು ಸುಮ್ಮನೆ ಇಟ್ಟರೆ ಅದರಿಂದ ಏನೂ ಹುಟ್ಟುವುದಿಲ್ಲ. ನಾಳೆ ಇನ್ನೊಬ್ಬ ಹೆಚ್ಚು ಕೊಟ್ಟರೆ ಮಾತ್ರ ಲಾಭ.

ನಮ್ಮ ದೇಶದಲ್ಲಿ ಇದರ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇಕಡಾ 30 ತೆರಿಗೆ. ಅದರಲ್ಲೊಂದು ಸಂಗತಿ ಅವನಿಗೆ ತಿಳಿದಿರಲಿಲ್ಲ. ಒಂದು ನಾಣ್ಯದಲ್ಲಿ ಹತ್ತು ಸಾವಿರ ಲಾಭ, ಇನ್ನೊಂದರಲ್ಲಿ ಹತ್ತು ಸಾವಿರ ನಷ್ಟವಾದರೆ ಕೈಯಲ್ಲಿ ಉಳಿದದ್ದು ಸೊನ್ನೆ. ಆದರೂ ಮೂರು ಸಾವಿರ ತೆರಿಗೆ, ಮೇಲೆ ಸೆಸ್. ನಷ್ಟವನ್ನು ಕಳೆಯಲು ಬಿಡುವುದಿಲ್ಲ. ಇನ್ನು ನಾಣ್ಯ ಇಟ್ಟ ಜಾಗಕ್ಕೇ ಕನ್ನ ಬೀಳುವುದುಂಟು. 2024ರ ಜುಲೈಯಲ್ಲಿ ವಝೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿನಷ್ಟು ಕಳವಾಗಿ, ಗ್ರಾಹಕರು ವರ್ಷಕ್ಕೂ ಮೇಲೆ ತಮ್ಮ ನಾಣ್ಯ ಮುಟ್ಟಲಾಗದೆ ಕೂತರು. ವಯನಾಡಿನ ಪಕ್ಕದ ಮಲಪ್ಪುರಂನಿಂದ 2020ರಲ್ಲಿ ಹೊರಬಂದ ಮೋರಿಸ್ ಕಾಯಿನ್ ಪ್ರಕರಣವಂತೂ ಬೇರೆಯೇ. ಅಲ್ಲಿ ನಾಣ್ಯವೆಂಬುದು ಹೆಸರಿಗೆ ಮಾತ್ರ ಎಂಬುದು ಆರೋಪ. ಜನರಿಂದ ಸುಮಾರು 1,200 ಕೋಟಿ ರೂಪಾಯಿ ಸಂಗ್ರಹಿಸಲಾಗಿತ್ತು ಎಂದು ಜಾರಿ ನಿರ್ದೇಶನಾಲಯ ಹೇಳಿದೆ.

ಹುಡುಗ ಸುಮ್ಮನಿರುವವನಲ್ಲ. "ಆದರೆ ಕೋಲಾರದಲ್ಲಿ ಸಿಕ್ಕಿತಲ್ಲ?" ಎಂದ. ಅದೇ ಸಂಭ್ರಮದ ಕಾಲದಲ್ಲಿ, 1880ರಲ್ಲಿ, ಹುಟ್ಟಿದ್ದು ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿ. ಅದೂ ಹಣ ಬಹುಪಾಲು ಮುಗಿದು ಮುಚ್ಚುವ ಸ್ಥಿತಿಗೆ ಬಂದಿತ್ತು. ಕೊನೆಯ ಪ್ರಯತ್ನದಲ್ಲಿ ಚಾಂಪಿಯನ್ ಲೋಡ್ ಎಂಬ ಚಿನ್ನದ ಸಿರ ಸಿಕ್ಕಿತು. 2001ರಲ್ಲಿ ಮುಚ್ಚುವವರೆಗೆ ಕೆಜಿಎಫ್ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟಿತು. ಹೌದು, ಅವನು ಹೇಳಿದ್ದು ತಪ್ಪಲ್ಲ. ಆದರೆ 1880ರಲ್ಲಿ ಲಂಡನ್ನಿನಲ್ಲಿ ಕೂತವನಿಗೆ ಯಾವುದು ಕೋಲಾರ, ಯಾವುದು ದೇವಾಲ ಅಂತ ಶೇರಿನ ಕಾಗದ ನೋಡಿ ಹೇಳಲು ಸಾಧ್ಯವಿತ್ತೇ? ಅವನಲ್ಲಿ ಇದನ್ನೇ ಕೇಳಿದೆ. ನಿನ್ನದು ಯಾವುದು, ಹೇಳು ನೋಡುವ? ಅವನು ನಕ್ಕ. ಅಷ್ಟರಲ್ಲಿ ಮಕ್ಕಳು ಎಡಕ್ಕಲ್ ಬಂತು ಅಂತ ಬೊಬ್ಬೆ ಹಾಕಿದರು.

ಮೊನ್ನೆ ಪೇಟೆಯಲ್ಲಿ ಅವನ ಅಮ್ಮ ಸಿಕ್ಕಿದ್ದರು. ಸಂಘದ ಸಾಲ ತೆಗೆಯಲಿಲ್ಲವಂತೆ. ತನ್ನ ಹಣ ಮಾತ್ರ ಅದರಲ್ಲೇ ಇಟ್ಟಿದ್ದಾನಂತೆ. ನಲುವತ್ತು ಸಾವಿರ ಈಗ ಎಷ್ಟಾಗಿದೆ ಅಂತ ನಾನು ಕೇಳಲಿಲ್ಲ.