ಅಘನಾಶಿನಿ ಅಳಿವೆ: ಗಜನಿ ಕಟ್ಟೆಯ ಕಥೆ (7 ಭಾಗ)

1/7
ಭಟ್ಕಳದಿಂದ ಕಾರವಾರದ ಕಡೆ ಹೋಗೋ ರೈಲು ಹತ್ತಿದ್ರೆ ಹೊನ್ನಾವರದಲ್ಲಿ ಶರಾವತಿ ಸೇತುವೆ ಬರ್ತದೆ. ಆಗ ಎಲ್ಲರೂ ಫೋನ್ ಹೊರಗೆ ತೆಗೀತಾರೆ. ಕುಮಟಾ ದಾಟಿ ಮಿರ್ಜಾನ್ ಹತ್ರ ಅಘನಾಶಿನಿ ಬರುವಷ್ಟರಲ್ಲಿ ಅರ್ಧ ಜನ ಫೋನ್ ಜೇಬಿಗೆ ಹಾಕಿರ್ತಾರೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇರೋದು ಮಾತ್ರ ಈ ಎರಡನೇದು.

ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ ಸೇರಿದ ಘೋಷಣೆ 2024ರ ಜನವರಿ 31ರಂದು ಬಂತು. ವಿಸ್ತೀರ್ಣ 4,801 ಹೆಕ್ಟೇರ್. ರಾಮ್ಸಾರ್ ಅನ್ನೋದು ಇರಾನಿನ ಒಂದು ಊರು. ಜೌಗು ಪ್ರದೇಶಗಳನ್ನು ಕಾಪಾಡುವ ಒಪ್ಪಂದಕ್ಕೆ 1971ರಲ್ಲಿ ಅಲ್ಲಿ ಸಹಿ ಬಿತ್ತು. ಅಲ್ಲಿಯವರೆಗೆ ಕರ್ನಾಟಕದಿಂದ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ.

ಆದ್ರೆ ಈ ಅಳಿವೆ ಉಳಿದದ್ದು ಆ ಪಟ್ಟಿಯಿಂದಲ್ಲ. ಪಟ್ಟಿಗೆ ಮೊದಲು ಯಾರು ಉಳಿಸಿದ್ರು, ನಡುವೆ ಏನು ಕಳ್ಕೊಂಡ್ರು ಅನ್ನೋದೇ ಈ ಸೀರೀಸ್.

2/7
ಮೊದಲು ಕೆಸರಿನ ಬಗ್ಗೆ. ಇಳಿತದ ಹೊತ್ತಿಗೆ ಹೋದ್ರೆ ನಿಮಗೆ ಕಾಣೋದು ಕಪ್ಪು ಕೆಸರು, ಮೂಗಿಗೆ ಬರೋದು ಕೊಳೆತ ಮೊಟ್ಟೆಯ ವಾಸನೆ. "ಛೀ" ಅನ್ಬೇಡಿ. ಆ ಕೆಸರಿನ ಒಳಗೆ ಆಮ್ಲಜನಕ ಇಲ್ಲ, ಹಾಗಾಗಿ ಕಾಂಡ್ಲಾ ಎಲೆ, ಬೇರು ಪೂರ್ತಿ ಕೊಳೆಯೋದಿಲ್ಲ. ಅದರ ಇಂಗಾಲ ಗಾಳಿಗೆ ಹೋಗದೆ ಕೆಳಗೇ ಕೂತಿರ್ತದೆ. ತಂಪು ದೇಶಗಳ ಪೀಟ್ ಜೌಗುಗಳು ಮಾಡೋ ಕೆಲಸವೂ ಇದೇ. ಅಲ್ಲಿ ಪಾಚಿ, ಇಲ್ಲಿ ಕಾಂಡ್ಲಾ.

ಇದೇ ನೀರಿನ ಮೇಲೆ ಒಂದು ಕಾಲದಲ್ಲಿ ಕಾಳುಮೆಣಸು ಹೋಗ್ತಿತ್ತು. ಮಿರ್ಜಾನ್ ಕೋಟೆ ಇರೋದು ಈ ಹೊಳೆಯ ವ್ಯಾಪಾರಕ್ಕಾಗಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಅಂತ ಕರೆದದ್ದು ನಿಮಗೆ ಗೊತ್ತೇ ಇದೆ. ಕೋಟೆಯ ಫೋಟೋ ಎಲ್ಲರ ಹತ್ರ ಇದೆ. ಗಜನಿ ಕಟ್ಟೆಯ ಫೋಟೋ ಯಾರ ಹತ್ರ ಇದೆ?

3/7
ಗಜನಿ ಅಂದ್ರೆ ಅಳಿವೆಯ ಅಂಚಿನ ತಗ್ಗು ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೆ ಮರದ ಬಾಗಿಲು. ಮಳೆಗಾಲದಲ್ಲಿ ಹೊಳೆ ತುಂಬಿ ನೀರಿನ ಉಪ್ಪು ಇಳೀತದೆ. ಆಗ ಕಗ್ಗ ಭತ್ತ ಬಿತ್ತೋದು. ಕಗ್ಗ ಉಪ್ಪನ್ನೂ ತಡೀತದೆ, ಕೆಲವು ದಿನ ನೀರಿನಲ್ಲಿ ಮುಳುಗಿದ್ರೂ ಬದುಕ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಯುವಾಗ ತೆನೆಯ ಭಾಗ ಮಾತ್ರ ಕೊಯ್ದು ಬುಡ ಬಿಡ್ತಾರೆ. ಆಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡ್ತಾರೆ. ಆ ಬುಡ ಕೊಳೆತು ಮೀನಿಗೆ, ಶೆಟ್ಲಿಗೆ ಆಹಾರ. ಉದುರಿದ ಕಾಳು ಹಕ್ಕಿಗಳಿಗೆ.

ಒಂದೇ ಗದ್ದೆ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಕಟ್ಟೆಯ ಹೊರಗೆ ಕಾಂಡ್ಲಾ ಗಿಡ ಬಿಡ್ತಿದ್ದದ್ದು ಚಂದಕ್ಕಲ್ಲ, ತೆರೆಯ ಹೊಡೆತ ತಡೀಲಿ ಅಂತ. ಕಟ್ಟೆ ಒಬ್ಬರದ್ದಲ್ಲ. ಒಂದು ಕಡೆ ಒಡೆದ್ರೆ ಎಲ್ಲರ ಗದ್ದೆಗೂ ಉಪ್ಪು. ಹಾಗಾಗಿ ಪ್ರತಿ ವರ್ಷ ಊರೇ ಸೇರಿ ಮಣ್ಣು ಹಾಕ್ಬೇಕಿತ್ತು.

4/7
ಸ್ವಾತಂತ್ರ್ಯ ಬಂದಾಗ ನಮ್ಮ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. 1948ರಲ್ಲಿ ಅಲ್ಲಿ ಖಾರ್ ಲ್ಯಾಂಡ್ ಕಾಯ್ದೆ ಬಂತು. ಉಪ್ಪುನೀರಿನ ಜಮೀನಿಗೆ ಗಟ್ಟಿ ಒಡ್ಡು ಕಟ್ಟಿ ಬೆಳೆ ಕಾಪಾಡೋದು ಅದರ ಉದ್ದೇಶ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ, ಒಡ್ಡಿನ ಯೋಚನೆಯೂ ಜೊತೆಗೆ ಬಂತು. 1970ರ ದಶಕದಲ್ಲಿ ಅಘನಾಶಿನಿಯ ಗಜನಿಗಳಿಗೆ ಸರ್ಕಾರದ ಗಟ್ಟಿ ಕಟ್ಟೆಗಳು ಎದ್ದವು.

ಒಳ್ಳೆದೇ ಅಲ್ವಾ? ರೈತರಿಗೆ ಕಷ್ಟ ಕಮ್ಮಿ ಆಯ್ತು. ಆದ್ರೆ ಕಟ್ಟೆಯ ಒಳಗೆ ಸಿಕ್ಕಿಬಿದ್ದ ಕಾಂಡ್ಲಾಕ್ಕೆ ಭರತ ಇಳಿತದ ನೀರು ತಪ್ಪಿತು. ಊರು ಸೇರಿ ಮಣ್ಣು ಹಾಕೋ ರೂಢಿಯೂ ಸಡಿಲ ಆಯ್ತು. ಕಟ್ಟೆ ಈಗ "ಸರ್ಕಾರದ್ದು".

5/7
ನಂತರ ಬಂತು ಶೆಟ್ಲಿ ಕಾಲ. ವಿದೇಶಕ್ಕೆ ರಫ್ತು, ಒಳ್ಳೆ ರೇಟು. ಗಜನಿಯ ಮೀನಿನ ಹಕ್ಕು ಗುತ್ತಿಗೆಗೆ ಹೋಯ್ತು. ಗುತ್ತಿಗೆದಾರನಿಗೆ ಉಪ್ಪುನೀರು ವರ್ಷವಿಡೀ ಒಳಗೇ ಇದ್ರೆ ಲಾಭ, ಭತ್ತಕ್ಕೆ ಅದು ಜೂನ್ ಒಳಗೆ ಹೊರಗೆ ಹೋಗ್ಬೇಕು. ಇಬ್ಬರಲ್ಲಿ ಯಾರು ಗೆದ್ದಿರ್ತಾರೆ ಅಂತ ನೀವೇ ಊಹಿಸಿ. ಕೆಲಸ ಮಾಡದೆ ಪಾಲು ಕೈಗೆ ಬರುವಾಗ ಬಿತ್ತೋರು ಕಮ್ಮಿ ಆದ್ರು.

1990ರ ದಶಕದ ಮಧ್ಯದಲ್ಲಿ ಶೆಟ್ಲಿಗೆ ಬಿಳಿಚುಕ್ಕೆ ರೋಗ ಬಂತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಕೈಗಾರಿಕಾ ಸಿಗಡಿ ಕೊಳಗಳ ವಿರುದ್ಧ ತೀರ್ಪು ಕೊಟ್ಟಿತು. ಆದ್ರೆ ಎಷ್ಟೋ ಗಜನಿಗೆ ಭತ್ತ ವಾಪಸ್ ಬರಲಿಲ್ಲ. ನಮ್ಮ ಅಕೌಂಟೆನ್ಸಿ ಕ್ಲಾಸಿನ ಭಾಷೆಯಲ್ಲಿ ಹೇಳೋದಾದ್ರೆ, ಗುತ್ತಿಗೆ ಹಣ ಆದಾಯ ಅಂತ ಬರೆದ್ರು, ಕಟ್ಟೆಯ ಸವಕಳಿಯನ್ನು ಯಾರೂ ಬರೀಲಿಲ್ಲ. ಇವತ್ತೂ ಕಗ್ಗ ಬೆಳೆಯೋ ಊರು ಅಂದ್ರೆ ಮೊದಲು ಬರೋ ಹೆಸರು ಮಾಣಿಕಟ್ಟಾ. ಅಲ್ಲಿನವರು ಬಿಡಲಿಲ್ಲ, ಅಷ್ಟೇ.

6/7
ಹಾಗಾದ್ರೆ ಅಳಿವೆ ಉಳಿದದ್ದು ಹೇಗೆ? ಒಂದು ಕಾರಣಕ್ಕೆ ಹೊನ್ನಾವರಕ್ಕೆ ವಾಪಸ್ ಬನ್ನಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು. ಕರೆಂಟ್ ತೆಗೆದ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಬರ್ತದೆ. ಹೊನ್ನಾವರದ ಅಳಿವೆಯ ಉಪ್ಪು ಇಳೀತು, ಉಪ್ಪು ಬೇಕಾದ ಬಳಚು, ಚಿಪ್ಪಿಗಳು ಕಮ್ಮಿ ಆದವು. ನೀವು ರೀಲ್ಸ್ ಮಾಡೋ ಕಾಂಡ್ಲಾ ಬೋರ್ಡ್‌ವಾಕ್ ಕೆಳಗೆ ಹರಿಯೋದು ಆ ನೀರೇ.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿಯಲ್ಲಿ ಸಮುದ್ರ ಸೇರುವವರೆಗೆ ಹೊಳೆ ತನ್ನ ಋತುವಿನ ಲೆಕ್ಕದಲ್ಲೇ ಬರ್ತದೆ. ಹಾಗಾಗಿ ಇಲ್ಲಿ ಬಳಚು ಇದೆ, ಬಳಚು ಹೆಕ್ಕಿ ಬದುಕೋ ಎರಡು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ.

ಇನ್ನೊಂದು ಕಾರಣ ಜನ. 2000ದ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂದಿತ್ತು. ಮೀನುಗಾರರು, ರೈತರು, ಘಟ್ಟದ ಮೇಲಿನವರು ಎಲ್ಲ ಸೇರಿ ವಿರೋಧಿಸಿದ್ರು. ಸ್ಥಾವರ ಬರಲಿಲ್ಲ.

7/7
ಈಗ ರಾಮ್ಸಾರ್ ಪಟ್ಟಿ ಇದೆ. ನಿಯಮಗಳ ಪ್ರಕಾರ ಇಲ್ಲಿ ಮಣ್ಣು ತುಂಬಿ ಸೈಟ್ ಮಾಡೋ ಹಾಗಿಲ್ಲ, ಕಸ ಸುರಿಯೋ ಹಾಗಿಲ್ಲ. ಆದ್ರೆ ಒಡೆದ ಕಟ್ಟೆಗೆ ನಿಯಮ ಬಂದು ಮಣ್ಣು ಹಾಕೋದಿಲ್ಲ, ಕಗ್ಗ ಬಿತ್ತೋದೂ ಇಲ್ಲ. ಇನ್ನೊಂದು ಕಡೆ ಅಘನಾಶಿನಿ ನೀರನ್ನು ವೇದಾವತಿಗೆ ತಿರುಗಿಸೋ ಮಾತು ನಡೀತಿದೆ. 3ನೇ ಭಾಗ ಇನ್ನೊಮ್ಮೆ ಓದಿ. ಮಳೆಗಾಲದ ಸಿಹಿನೀರು ಕಮ್ಮಿ ಆದ್ರೆ ಕಗ್ಗದ ಕಥೆ ಏನು?

ಹೋಗೋರಿಗೆ ಎರಡು ಮಾತು. ಇಳಿತದ ಟೈಮ್ ನೋಡಿಕೊಂಡು ಹೋಗಿ, ಆಗಲೇ ಹಕ್ಕಿ ಇರೋದು, ಬಳಚು ಹೆಕ್ಕೋರು ಇರೋದು. ಅವರ ಫೋಟೋ ತೆಗೆಯೋ ಮೊದಲು ಕೇಳಿ. ಗಜನಿ ಕಟ್ಟೆ ಮೇಲೆ ಬೈಕ್ ಓಡಿಸ್ಬೇಡಿ, ಅದು ರಸ್ತೆ ಅಲ್ಲ.

ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಯಾರಾದ್ರೂ ಕಗ್ಗ ಬೆಳೆದವರು ಇದ್ರೆ, ಕಡೆಯ ಸಲ ಬಿತ್ತಿದ್ದು ಯಾವಾಗ ಅಂತ ಕೇಳಿ, ಊರಿನ ಹೆಸರು ಹಾಕಿ ಕಾಮೆಂಟ್ ಮಾಡಿ. ಯಾವ ಊರಲ್ಲಿ ಯಾವಾಗ ನಿಂತಿತು ಅಂತ ಒಂದು ಪಟ್ಟಿ ಮಾಡೋಣ.

#ಅಘನಾಶಿನಿ #ಕಗ್ಗ #ಗಜನಿ #ಕುಮಟಾ #ಹೊನ್ನಾವರ #ಭಟ್ಕಳ