ಗಾಲಿಕುರ್ಚಿಯಲ್ಲಿ ಕುಳಿತು ಹಾಡಿದ ಆಲ್ಬಮ್

‘ಪ್ರೆಸೆನ್ಸ್’ ಇಂಗ್ಲೆಂಡಿನ ಹಾರ್ಡ್ ರಾಕ್ ತಂಡ ಲೆಡ್ ಜೆಪ್ಲಿನ್‌ನ ಏಳನೆಯ ಸ್ಟುಡಿಯೊ ಆಲ್ಬಮ್. 1976ರ ಮಾರ್ಚ್ 31ರಂದು ಹೊರಬಂದ ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆದರೆ ಆ ಭರಾಟೆ ಬೇಗ ಇಳಿಯಿತು. ತಂಡದ ನಾಲ್ಕನೆಯ ಆಲ್ಬಮ್ ಅಮೆರಿಕವೊಂದರಲ್ಲೇ ಎರಡು ಕೋಟಿ ದಾಟಿದರೆ, ‘ಪ್ರೆಸೆನ್ಸ್’ಗೆ ಅಲ್ಲಿ ದೊರೆತದ್ದು 30 ಲಕ್ಷದ ಪ್ರಮಾಣಪತ್ರ. ಅಭಿಮಾನಿಗಳು ಆಲ್ಬಮ್‌ಗಳನ್ನು ಎಣಿಸುವಾಗಲೂ ಇದರ ಸರದಿ ಬರುವುದು ಕೊನೆಕೊನೆಗೆ.

ಈ ಆಲ್ಬಮ್‌ನ ಹಿಂದೆ ಒಂದು ಅಪಘಾತವಿದೆ. ಆಗಿನ ಬ್ರಿಟನ್ನಿನಲ್ಲಿ ಗಳಿಕೆಯ ಮೇಲಿನ ತೆರಿಗೆ ಮೇಲಿನ ಹಂತದಲ್ಲಿ ಶೇ 83ರಷ್ಟಿತ್ತು. ಅದನ್ನು ತಪ್ಪಿಸಿಕೊಳ್ಳಲು ತಂಡದವರು ವರ್ಷದ ಬಹುಪಾಲು ದೇಶದ ಹೊರಗೇ ಇರುತ್ತಿದ್ದರು. 1975ರ ಆಗಸ್ಟ್ 4ರಂದು ಗ್ರೀಸ್‌ನ ರೋಡ್ಸ್ ದ್ವೀಪದಲ್ಲಿ ಗಾಯಕ ರಾಬರ್ಟ್ ಪ್ಲಾಂಟ್ ಕುಟುಂಬವಿದ್ದ ಕಾರು ರಸ್ತೆ ಬಿಟ್ಟು ಉರುಳಿತು. ಪತ್ನಿ ಮೌರೀನ್‌ಗೆ ತೀವ್ರ ಗಾಯಗಳಾದವು. ಪ್ಲಾಂಟ್‌ನ ಕಾಲಿನ ಗಿಣ್ಣು, ಮೊಣಕೈ ಮುರಿದವು. ಅದೇ ತಿಂಗಳು ಶುರುವಾಗಬೇಕಿದ್ದ ಅಮೆರಿಕ ಪ್ರವಾಸ ರದ್ದಾಯಿತು. ಗಾಯಾಳುವಾಗಿದ್ದರೂ ತೆರಿಗೆಯ ಕಾರಣಕ್ಕೆ ಅವನು ಊರಿನಲ್ಲಿ ಉಳಿಯುವಂತಿರಲಿಲ್ಲ. ಮೊದಲು ಜರ್ಸಿ ದ್ವೀಪ, ಆಮೇಲೆ ಕ್ಯಾಲಿಫೋರ್ನಿಯದ ಮ್ಯಾಲಿಬು. ಗಿಟಾರ್ ವಾದಕ ಜಿಮ್ಮಿ ಪೇಜ್ ಅಲ್ಲಿಗೆ ಬಂದ. ಇಬ್ಬರೂ ಕೂತು ಹೊಸ ಹಾಡುಗಳನ್ನು ಕಟ್ಟಿದರು.

ನವೆಂಬರ್‌ನಲ್ಲಿ ಧ್ವನಿಮುದ್ರಣ ನಡೆದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ, ಅರಬೆಲ್ಲಾ ಹೋಟೆಲಿನ ನೆಲಮಾಳಿಗೆಯ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೊದಲ್ಲಿ. ಇವರ ಬೆನ್ನಿಗೇ ರೋಲಿಂಗ್ ಸ್ಟೋನ್ಸ್ ತಂಡ ಆ ಜಾಗವನ್ನು ಕಾದಿರಿಸಿತ್ತು. ಪೇಜ್ ಅವರನ್ನು ಕೇಳಿ ಎರಡು-ಮೂರು ದಿನ ಹೆಚ್ಚಿಗೆ ಪಡೆದ. ಅವನೂ ಎಂಜಿನಿಯರ್ ಕೀತ್ ಹಾರ್ವುಡ್ ಕೂಡ ನಿದ್ದೆಗೆಟ್ಟು ದುಡಿದು, ಒಟ್ಟು 18 ದಿನಗಳಲ್ಲಿ ಇಡೀ ಆಲ್ಬಮ್ ಮುಗಿಸಿದರು. ಪ್ಲಾಂಟ್ ಹಾಡಿದ್ದು ಗಾಲಿಕುರ್ಚಿಯಲ್ಲಿ ಕುಳಿತು.

ಈ ಅವಸರವೇ ಆಲ್ಬಮ್‌ನ ಸ್ವಭಾವವನ್ನು ನಿರ್ಧರಿಸಿತು. ಹಿಂದಿನ ‘ಫಿಸಿಕಲ್ ಗ್ರಾಫಿಟಿ’ಯಲ್ಲಿ ಜಾನ್ ಪಾಲ್ ಜೋನ್ಸ್‌ನ ಕೀಬೋರ್ಡ್, ಅಕೌಸ್ಟಿಕ್ ಗಿಟಾರ್, ಪೂರ್ವದೇಶಗಳ ಛಾಯೆಯ ರಾಗಗಳು ಎಲ್ಲವೂ ಇದ್ದವು. ಇಲ್ಲಿನ ಏಳು ಹಾಡುಗಳಲ್ಲಿ ಕೀಬೋರ್ಡ್ ಇಲ್ಲವೇ ಇಲ್ಲ. ಅಕೌಸ್ಟಿಕ್ ಗಿಟಾರ್ ಇದ್ದರೂ ಇಲ್ಲದಂತೆ. ಉಳಿದದ್ದು ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ ಮತ್ತು ನೋವು ತಿಂದ ಒಂದು ದನಿ. ವೈವಿಧ್ಯವಿಲ್ಲ ಎಂಬ ದೂರು ಆಗಲೂ ಇತ್ತು, ಈಗಲೂ ಇದೆ. ದೂರು ಸುಳ್ಳಲ್ಲ. ಆದರೆ ತಂಡ ಅಲಂಕಾರ ಕಳಚಿ ಇಷ್ಟು ಬಿಗಿಯಾಗಿ ನುಡಿಸಿದ್ದು ಬೇರೆಲ್ಲೂ ಕೇಳಸಿಗುವುದಿಲ್ಲ.

ಮೊದಲ ಹಾಡು ‘ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್’ ಅದಕ್ಕೆ ಸಾಕ್ಷಿ. ಹತ್ತು ನಿಮಿಷ ಮೀರುವ ಈ ಹಾಡಿಗೆ ಪ್ರೇರಣೆ ಪೇಜ್-ಪ್ಲಾಂಟ್ ಜೋಡಿಯ ಮೊರಾಕೊ ತಿರುಗಾಟ. ಹಿಮ್ಮಡಿಗೆ ಬಾಣ ತಗುಲಿ ಸತ್ತ ಗ್ರೀಕ್ ವೀರನ ಹೆಸರಿನಲ್ಲಿ ಪ್ಲಾಂಟ್‌ನ ಮುರಿದ ಕಾಲಿನ ಕುಚೋದ್ಯವೂ ಇದೆ. ಜೋನ್ಸ್ ಎಂಟು ತಂತಿಯ ಬೇಸ್ ಹಿಡಿದು ಕುದುರೆಯೋಟದ ಲಯ ಹಾಕುತ್ತಾನೆ, ಜಾನ್ ಬೋನಮ್ ಅದರ ಮೇಲೆ ಡ್ರಮ್ಮಿನ ಮಳೆಗರೆಯುತ್ತಾನೆ. ಪೇಜ್ ಒಂದರ ಮೇಲೊಂದು ಪದರವಾಗಿ ಗಿಟಾರ್ ಸೇರಿಸಿದ್ದು ಒಂದೇ ರಾತ್ರಿಯಲ್ಲಿ. ಮುಂದೆ ಹೆವಿ ಮೆಟಲ್ ತಂಡಗಳು ರೂಢಿಸಿಕೊಂಡ ನಾಗಾಲೋಟದ ಲಯ ಇಲ್ಲಿ ಆಗಲೇ ಪಕ್ವವಾಗಿದೆ.

‘ಫಾರ್ ಯುವರ್ ಲೈಫ್’ ಲಾಸ್ ಏಂಜಲೀಸ್‌ನ ಕೊಕೇನ್ ಚಟದ ಬಗೆಗಿನ ಕಹಿ ಹಾಡು. ‘ನೋಬಡೀಸ್ ಫಾಲ್ಟ್ ಬಟ್ ಮೈನ್’ ಮೂಲತಃ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಮುದ್ರಿಸಿದ ಭಕ್ತಿಗೀತೆ. ಜೆಪ್ಲಿನ್ ಅದನ್ನು ಗುರುತು ಸಿಗದಷ್ಟು ಬದಲಿಸಿತು, ನಿಜ. ಆದರೂ ಕರ್ತೃಗಳ ಜಾಗದಲ್ಲಿ ಪೇಜ್, ಪ್ಲಾಂಟ್ ಹೆಸರು ಮಾತ್ರ ಹಾಕಿದ್ದು ಸಣ್ಣತನ. ‘ಕ್ಯಾಂಡಿ ಸ್ಟೋರ್ ರಾಕ್’ 1950ರ ದಶಕದ ರಾಕ್ ಅಂಡ್ ರೋಲ್‌ನ ಹಗುರ ಅನುಕರಣೆ. ಕೊನೆಯ ‘ಟೀ ಫಾರ್ ಒನ್’ ನಿಧಾನಗತಿಯ ಬ್ಲೂಸ್, ತಂಡವೇ 1970ರಲ್ಲಿ ಮಾಡಿದ್ದರ ಮರುಪಾಠ. ಒಂಬತ್ತು ನಿಮಿಷ ಅದಕ್ಕೆ ಹೆಚ್ಚಾಯಿತು.

ಆಲ್ಬಮ್ ಹಿಂದೆ ಬೀಳಲು ಸಂಗೀತದ ಹೊರಗಿನ ಕಾರಣಗಳೂ ಇದ್ದವು. ಪ್ಲಾಂಟ್ ಚೇತರಿಸಿಕೊಳ್ಳುವವರೆಗೆ ಪ್ರವಾಸವಿಲ್ಲ. 1977ರ ಏಪ್ರಿಲ್‌ನಲ್ಲಿ ಅದು ಶುರುವಾಗುವ ಹೊತ್ತಿಗೆ ಆಲ್ಬಮ್‌ಗೆ ವರ್ಷ ತುಂಬಿತ್ತು. ನಡುವೆ 1976ರ ಅಕ್ಟೋಬರ್‌ನಲ್ಲಿ ತಂಡದ್ದೇ ಸಂಗೀತ ಕಚೇರಿಯ ಚಿತ್ರ, ಅದರ ಧ್ವನಿಮುದ್ರಿಕೆ ಬಂದು ಜನರ ಗಮನವನ್ನು ಅತ್ತ ಎಳೆದವು. ಲಂಡನ್ನಿನಲ್ಲಿ ಪಂಕ್ ಅಲೆ ಎದ್ದದ್ದೂ ಆಗಲೇ. ವೇದಿಕೆಯಲ್ಲಿ ನೆಲೆನಿಂತದ್ದು ಇದರ ಎರಡೇ ಹಾಡುಗಳು, ‘ಅಕಿಲೀಸ್’ ಮತ್ತು ‘ನೋಬಡೀಸ್ ಫಾಲ್ಟ್’. ‘ಫಾರ್ ಯುವರ್ ಲೈಫ್’ ಮೊದಲ ಬಾರಿ ವೇದಿಕೆ ಏರಿದ್ದು 2007ರ ಡಿಸೆಂಬರ್ 10ರಂದು, ಲಂಡನ್ನಿನ ಓ2 ಸಭಾಂಗಣದಲ್ಲಿ ಉಳಿದ ಮೂವರು ಬೋನಮ್‌ನ ಮಗ ಜೇಸನ್ ಜೊತೆ ನುಡಿಸಿದಾಗ.

2015ರ ಜುಲೈ 31ರಂದು ಪೇಜ್ ಹೊಸದಾಗಿ ಸಂಸ್ಕರಿಸಿದ ‘ಪ್ರೆಸೆನ್ಸ್’ ಆವೃತ್ತಿ ಬಂತು. ಅದೇ ದಿನ ಮರುಬಿಡುಗಡೆಯಾದ ತಂಡದ ಇನ್ನೊಂದು ಆಲ್ಬಮ್ ‘ಕೋಡಾ’ದಲ್ಲಿ ಪೇಜ್, ಪ್ಲಾಂಟ್ 1972ರಲ್ಲಿ ಬೊಂಬಾಯಿಯ ವಾದ್ಯಗಾರರೊಡನೆ ಮುದ್ರಿಸಿದ ಎರಡು ಹಾಡುಗಳೂ ಇದ್ದುದರಿಂದ ಭಾರತದ ಕೇಳುಗರ ಕುತೂಹಲಕ್ಕೆ ಹೆಚ್ಚು ಮೇವು ಅಲ್ಲೇ ಸಿಕ್ಕಿತು. ಆದರೂ ತೂಗಿ ನೋಡಿದರೆ ‘ಪ್ರೆಸೆನ್ಸ್’ ‘ಕೋಡಾ’ಗಿಂತ, 1979ರ ‘ಇನ್ ಥ್ರೂ ದಿ ಔಟ್ ಡೋರ್’ಗಿಂತ ಬಹಳ ಮೇಲೆ ನಿಲ್ಲುತ್ತದೆ, ‘ಫಿಸಿಕಲ್ ಗ್ರಾಫಿಟಿ’ಯ ಎತ್ತರ ಅದಕ್ಕಿಲ್ಲ.